ಗುಳ್ಳೆ ಹೇಳುವ ಗುಟ್ಟು

ಹಾಲು ಉಕ್ಕುವುದನ್ನು ನೀವೆಲ್ಲ ನೋಡಿದ್ದೀರಿ. ನೀರು ಪಾತ್ರೆಯೊಳಗೇ ಕುದಿಯುತ್ತದೆ. ಹಾಲು ಮಾತ್ರ ಒಲೆಯ ಮೇಲೆ ಸುರಿಯುತ್ತದೆ. ಏಕೆ? ಕಾದ ಹಾಲಿನ ಮೇಲೆ ಕೆನೆಯ ಪೊರೆ ಕಟ್ಟುತ್ತದೆ. ಕೆಳಗಿನ ಆವಿಗೆ ದಾರಿ ಸಿಗದೆ, ಅದು ಪೊರೆಯನ್ನೇ ಎತ್ತಿಕೊಂಡು ಮೇಲೇರುತ್ತದೆ. ಸರ್ಕ್ಯೂಟ್ ಬೋರ್ಡಿನ ಮೇಲೂ ಇಂಥದೇ ಸಂಗತಿ ನಡೆಯುತ್ತದೆ ಎಂದರೆ ನಿಮಗೆ ಅಚ್ಚರಿಯಾಗಬಹುದು.

ವಾಹನ, ವಿಮಾನ, ಉಪಗ್ರಹಗಳೊಳಗಿನ ಬೋರ್ಡುಗಳಿಗೆ ಬಿಡಿಭಾಗಗಳನ್ನು ಬೆಸೆದ ನಂತರ ಪಾರದರ್ಶಕ ಲೇಪವೊಂದನ್ನು ಹಚ್ಚುವುದುಂಟು. ಅಕ್ರಿಲಿಕ್, ಸಿಲಿಕೋನ್, ಪಾಲಿಯುರಿಥೇನ್ ಇದಕ್ಕೆ ಬಳಸುವ ವಸ್ತುಗಳು. ಅಕ್ರಿಲಿಕ್ ಲೇಪದ ದಪ್ಪ ಸಾಮಾನ್ಯವಾಗಿ 25ರಿಂದ 75 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್! ತೇವ, ಧೂಳು, ಉಪ್ಪುಗಾಳಿಗಳಿಂದ ಬೋರ್ಡನ್ನು ಕಾಯುವ ಮಳೆಯಂಗಿ ಇದು.

ಈ ಅಂಗಿ ಹರಿದರೆ ಏನಾಗುತ್ತದೆಂದು ನಾನು ಕಲಿತದ್ದು ಒಂದು ಮಳೆಗಾಲದಲ್ಲಿ, ಕರಾವಳಿಯ ಚಿತ್ರೀಕರಣದ ವೇಳೆ. ನಮ್ಮ ಉಪಕರಣವೊಂದು ಬೆಳಿಗ್ಗೆ ಹಠ ಹಿಡಿಯುತ್ತಿತ್ತು. ಬಿಸಿಲೇರಿದರೆ ತಾನಾಗಿ ಸರಿಹೋಗುತ್ತಿತ್ತು. ಮರಳಿ ಬಂದ ಮೇಲೆ ತಂತ್ರಜ್ಞರು ಅದರ ಬೋರ್ಡನ್ನು ನೇರಳಾತೀತ ದೀಪದಡಿ ಹಿಡಿದರು. ಇಂಥ ಅನೇಕ ಲೇಪಗಳಲ್ಲಿ ಆ ಬೆಳಕಿಗೆ ಹೊಳೆಯುವ ಬಣ್ಣ ಬೆರೆಸಿರುತ್ತಾರೆ. ನೀಲಿ ಹೊಳಪಿನ ನಡುವೆ, ಒಂದು ಐ.ಸಿ.ಯ ಕಾಲುಗಳ ಬಳಿ, ಪುಟ್ಟ ಉಂಗುರಗಳಂತೆ ಗುಳ್ಳೆಗಳು ಕಂಡವು.

ಗುಳ್ಳೆಯೆಲ್ಲ ದೋಷವಲ್ಲ. ಅದು ಅಕ್ಕಪಕ್ಕದ ಎರಡು ವಾಹಕಗಳನ್ನು ಸೇತುವೆಯಂತೆ ಮುಟ್ಟಿದಾಗ ಅಪಾಯ. ಅಲ್ಲಿ ತೇವ ಸೇರಿದರೆ ವಿದ್ಯುತ್ ಸೋರುತ್ತದೆ. ಲೋಹದ ಅಯಾನುಗಳು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿ, ಜರೀಗಿಡದ ಎಲೆಯಂತೆ ಕವಲೊಡೆದು, ಕೊನೆಗೆ ಶಾರ್ಟ್ ಸರ್ಕ್ಯೂಟ್ ಆಗಬಹುದು.

ಗುಳ್ಳೆ ಬಂದದ್ದೇಕೆ? ಅದು ಇರುವ ಜಾಗವನ್ನೇ ಕೇಳಿ, ಗುಟ್ಟು ಹೇಳುತ್ತದೆ.

ಬೋರ್ಡಿನ ತುಂಬ ಸಾಸಿವೆಯಂತೆ ಹರಡಿದ್ದರೆ, ಹಾಲಿನ ಕಥೆಯನ್ನು ನೆನೆಯಿರಿ. ಲೇಪ ದಪ್ಪವಾಗಿದೆ, ಇಲ್ಲವೇ ಬೇಗ ಒಣಗಲೆಂದು ಅವಸರದಲ್ಲಿ ಬಿಸಿ ಕೊಟ್ಟಿದ್ದಾರೆ. ಮೇಲ್ಪದರ ಮೊದಲು ಗಟ್ಟಿಯಾಗಿ, ಒಳಗಿನ ದ್ರಾವಕದ ಆವಿ ಸಿಕ್ಕಿಬಿದ್ದಿದೆ. ತೆಳುವಾಗಿ ಎರಡು ಸಲ ಹಚ್ಚಿ, ನಡುವೆ ಕೋಣೆಯ ಉಷ್ಣತೆಯಲ್ಲಿ ಆರಲು ಬಿಡುವುದೇ ಪರಿಹಾರ.

ಬಿಡಿಭಾಗಗಳ ಅಂಚಿನಲ್ಲಿ, ಕಾಲುಗಳ ನಡುವೆ ದೊಡ್ಡ ಗುಳ್ಳೆಗಳಿದ್ದರೆ, ಅದು ಸಿಕ್ಕಿಬಿದ್ದ ಗಾಳಿ. ಲೇಪ ಮಂದವಾಗಿತ್ತು, ಅಥವಾ ಬೋರ್ಡನ್ನು ಬೇಗ ಮುಳುಗಿಸಿದರು. ಸರಿಯಾದ ತಿನ್ನರ್ ಬೆರೆಸಿ, ನಿಧಾನವಾಗಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಅಷ್ಟೇ ನಿಧಾನವಾಗಿ ಎತ್ತಬೇಕು. ಡಬ್ಬಿಯನ್ನು ಜೋರಾಗಿ ಕಲಕಿದರೆ ಒಡನೆಯೇ ಹಚ್ಚದೆ, ಒಳಗಿನ ಗಾಳಿ ಹೋಗುವವರೆಗೆ ಕಾಯಬೇಕು.

ಮತ್ತೆ ಮತ್ತೆ ಒಂದೇ ಜಾಗದಲ್ಲಿ ಬಂದರೆ? ಅಲ್ಲಿ ಬೆಸುಗೆಯ ಫ್ಲಕ್ಸ್, ಎಣ್ಣೆ ಅಥವಾ ತೇವ ಉಳಿದಿರಬಹುದು. ಲೇಪಕ್ಕೆ ಮೊದಲೇ ಬೋರ್ಡನ್ನು ತೊಳೆದು, ಹದವಾದ ಶಾಖದಲ್ಲಿ ಚೆನ್ನಾಗಿ ಒಣಗಿಸಬೇಕು.

ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ಸುಮ್ಮನಾಗುವುದು ಬೇಡ. ತೇವಕ್ಕೆ ನೀವೇ ಬಾಗಿಲು ತೆರೆದಂತಾಯಿತು. ಆ ಭಾಗದ ಲೇಪವನ್ನು ತೆಗೆದು, ಶುಚಿಗೊಳಿಸಿ, ಹೊಸದಾಗಿ ಹಚ್ಚಬೇಕು. ದೋಷ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ, ಗುಳ್ಳೆ ಹೋದರೂ ಕಾರಣ ತಿಳಿಯದು.

ನೀವೂ ಒಂದು ಪ್ರಯೋಗ ಮಾಡಿ. ಎರಡು ಗಾಜಿನ ಚೂರುಗಳನ್ನು ಒರೆಸಿ, ಒಂದಕ್ಕೆ ವಾರ್ನಿಷ್ ದಪ್ಪವಾಗಿ ಬಳಿದು ಕೂಡಲೇ ಬಿಸಿಲಿಗಿಡಿ. ಇನ್ನೊಂದಕ್ಕೆ ತೆಳುವಾಗಿ ಬಳಿದು ನೆರಳಿನಲ್ಲಿಡಿ. ಹಿರಿಯರೊಬ್ಬರು ಜೊತೆಗಿರಲಿ, ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಮರುದಿನ ಭೂತಗನ್ನಡಿಯಲ್ಲಿ ಗುಳ್ಳೆಗಳನ್ನು ಎಣಿಸಿ ಬರೆದಿಡಿ. ನಮ್ಮ ಉಪಕರಣದ ಬೋರ್ಡಿಗೆ ಹೊಸ ಲೇಪ ಹಚ್ಚಿದವರೂ ಮೊದಲು ಮಾಡಿದ ಕೆಲಸ ಅದೇ: ನೋಡುವುದು, ಎಣಿಸುವುದು, ಬರೆದಿಡುವುದು.