ಧ್ರುವದ ಕತ್ತಲಲ್ಲಿ ಹುಟ್ಟಿ ಬೆಳೆದ ಡೈನೊಸಾರ್‌ಗಳು

ಅಲಾಸ್ಕದ ಉತ್ತರ ಅಂಚಿನಲ್ಲಿ ಹರಿಯುವ ಕಾಲ್ವಿಲ್ ನದಿಯ ದಂಡೆಯಲ್ಲಿ 1961ರಲ್ಲಿ ಷೆಲ್ ತೈಲ ಕಂಪನಿಯ ಭೂವಿಜ್ಞಾನಿ ರಾಬರ್ಟ್ ಲಿಸ್ಕೊಂಬ್ ಅವರಿಗೆ ಕೆಲವು ಮೂಳೆಗಳು ದೊರೆತವು. ಆದರೆ ಮರುವರ್ಷವೇ ಅವರು ಬಂಡೆ ಕುಸಿತಕ್ಕೆ ಬಲಿಯಾದುದರಿಂದ ಆ ಮೂಳೆಗಳು ಎರಡು ದಶಕ ಕಂಪನಿಯ ಉಗ್ರಾಣದಲ್ಲೇ ಉಳಿದವು. 1980ರ ದಶಕದಲ್ಲಿ ತಜ್ಞರು ಅವನ್ನು ಹ್ಯಾಡ್ರೊಸಾರ್‌ಗಳ, ಅಂದರೆ ಬಾತುಕೋಳಿಯಂತೆ ಚಪ್ಪಟೆ ಮೂತಿಯಿದ್ದ ಸಸ್ಯಾಹಾರಿ ಡೈನೊಸಾರ್‌ಗಳ ಮೂಳೆಗಳೆಂದು ಗುರುತಿಸಿದಾಗ, ಈ ಪ್ರಾಣಿಗಳು ಬೆಚ್ಚನೆಯ ನಾಡುಗಳಿಗಷ್ಟೇ ಸೇರಿದವು ಎಂಬ ಬಹುಕಾಲದ ನಂಬಿಕೆ ಸಡಿಲವಾಯಿತು.

ಸುಮಾರು 7 ಕೋಟಿ ವರ್ಷಗಳ ಹಿಂದೆ, ಕ್ರಿಟೇಷಿಯಸ್ ಯುಗದ ಕೊನೆಯ ಭಾಗದಲ್ಲಿ, ಈ ಪ್ರದೇಶ ಇಂದಿಗಿಂತಲೂ ಧ್ರುವಕ್ಕೆ ಹತ್ತಿರವಾಗಿ 80ರಿಂದ 85 ಡಿಗ್ರಿ ಉತ್ತರ ಅಕ್ಷಾಂಶದಲ್ಲಿತ್ತು. ಆಗ ಅಲ್ಲಿ ಕಾಡುಗಳಿದ್ದವು, ವಾರ್ಷಿಕ ಸರಾಸರಿ ಉಷ್ಣಾಂಶ ಸುಮಾರು 6 ಡಿಗ್ರಿ ಸೆಲ್ಸಿಯಸ್ ಇತ್ತು. ಆದರೂ ಚಳಿಗಾಲದಲ್ಲಿ ಹಿಮ ಬೀಳುತ್ತಿತ್ತು, ಸುಮಾರು ನಾಲ್ಕು ತಿಂಗಳು ಸೂರ್ಯನೇ ಕಾಣುತ್ತಿರಲಿಲ್ಲ. ಹೀಗಾಗಿ ಡೈನೊಸಾರ್‌ಗಳು ಬೇಸಿಗೆಗೆ ಬಂದು ಚಳಿಗಾಲಕ್ಕೆ ಮುನ್ನ ದಕ್ಷಿಣಕ್ಕೆ ವಲಸೆ ಹೋಗುತ್ತಿದ್ದವೋ, ವರ್ಷವಿಡೀ ಅಲ್ಲಿಯೇ ನೆಲೆಸಿದ್ದವೋ ಎಂಬ ಪ್ರಶ್ನೆ ಎದ್ದಿತು.

ಉತ್ತರ ದೊರೆತದ್ದು ದೊಡ್ಡ ಅಸ್ಥಿಪಂಜರಗಳಿಂದಲ್ಲ. ಅಲಾಸ್ಕ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಡ್ರಕೆನ್‌ಮಿಲ್ಲರ್ ಮತ್ತು ಫ್ಲಾರಿಡ ಸ್ಟೇಟ್ ವಿಶ್ವವಿದ್ಯಾಲಯದ ಗ್ರೆಗರಿ ಎರಿಕ್ಸನ್ ಅವರ ತಂಡ, ವರ್ಷವಿಡೀ ಹೆಪ್ಪುಗಟ್ಟಿರುವ ನೆಲವನ್ನು ನದಿ ಕೊರೆದು ತೆರೆದಿಟ್ಟ ದಂಡೆಗಳಿಂದ ಮಣ್ಣನ್ನು ಸಾಗಿಸಿ, ಸೂಕ್ಷ್ಮ ಜರಡಿಗಳಲ್ಲಿ ತೊಳೆದು, ಉಳಿದ ಮರಳನ್ನು ಸೂಕ್ಷ್ಮದರ್ಶಕದಡಿ ಕಣಕಣವಾಗಿ ಹುಡುಕಿತು. ಆ ಮರಳಿನಲ್ಲಿ ಗುಂಡುಸೂಜಿಯ ತಲೆಯಷ್ಟೇ ಗಾತ್ರದ, ಮೊಟ್ಟೆಯೊಡೆಯುವ ಹೊತ್ತಿನ ಮರಿಗಳ ಹಲ್ಲುಗಳಿದ್ದವು. ಕನಿಷ್ಠ 7 ಬಗೆಯ ಡೈನೊಸಾರ್‌ಗಳು ಅಲ್ಲಿ ಮರಿ ಮಾಡಿದ್ದವೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಭ್ರೂಣದ ಹಲ್ಲುಗಳಲ್ಲಿ ದಿನಕ್ಕೊಂದರಂತೆ ಮೂಡುವ ಬೆಳವಣಿಗೆಯ ಗೆರೆಗಳನ್ನು ಎಣಿಸಿ, ಕೆಲವು ಡೈನೊಸಾರ್‌ಗಳ ಮೊಟ್ಟೆ ಒಡೆಯಲು ಸುಮಾರು 3ರಿಂದ 6 ತಿಂಗಳು ಬೇಕಾಗುತ್ತಿತ್ತೆಂದು ಎರಿಕ್ಸನ್ ಮೊದಲೇ ತೋರಿಸಿದ್ದರು. ವಸಂತದಲ್ಲಿ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿ ಚಳಿಗಾಲದೊಳಗೆ ಸಾವಿರಾರು ಕಿಲೋಮೀಟರ್ ನಡೆಯುವುದು ಸಾಧ್ಯವಿರಲಿಲ್ಲ.

ಇದೇ ಶಿಲಾಸ್ತರಗಳಲ್ಲಿ ಹಲ್ಲಿ, ಮೊಸಳೆಗಳಂಥ ಶೀತರಕ್ತ ಪ್ರಾಣಿಗಳ, ಅಂದರೆ ದೇಹದ ಬಿಸಿಗೆ ಹೊರಗಿನ ಶಾಖವನ್ನೇ ನೆಚ್ಚಿದ ಪ್ರಾಣಿಗಳ, ಪಳೆಯುಳಿಕೆಗಳು ಸಿಕ್ಕಿಲ್ಲ. ಆದುದರಿಂದ ಡೈನೊಸಾರ್‌ಗಳು ತಮ್ಮ ಮೈಬಿಸಿಯನ್ನು ತಾವೇ ಕಾಯ್ದುಕೊಳ್ಳುತ್ತಿದ್ದವೆಂಬ ವಾದಕ್ಕೆ ಧ್ರುವ ಪ್ರದೇಶದ ಈ ಮಣ್ಣು ಇಂದು ಅತ್ಯಂತ ಬಲವಾದ ಸಾಕ್ಷ್ಯಗಳಲ್ಲೊಂದನ್ನು ಒದಗಿಸಿದೆ.