ಐಸ್ ಎಷ್ಟಿದೆ, ಇಳಿದು ನೋಡು



ಕಳೆದ ಫೆಬ್ರವರಿಯ ಒಂದು ಶುಕ್ರವಾರ ಸಂಜೆ ಅಬು ಹಲೀಫಾದ ಕಡಲತೀರದಲ್ಲಿ ಚಾಪೆ ಹಾಸಿ, ಫ್ಲಾಸ್ಕಿನಲ್ಲಿ ತಂದ ಚಹಾ ಕುಡಿಯುತ್ತಾ ಕುಳಿತಿದ್ದೆವು. ಟೊರೊಂಟೊದಲ್ಲಿರುವ ನನ್ನ ತಮ್ಮ ಒಂದು ವಿಡಿಯೋ ಕಳಿಸಿದ್ದ. ಅವನೂ ಅವನ ಸ್ನೇಹಿತರೂ ಮೂರು ದಿನ ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಿಸಲಿನಲ್ಲಿದ್ದು ಮೀನು ಹಿಡಿದದ್ದು. ಅದನ್ನು ಎರಡು ಸಲ ನೋಡಿದ ಮಗಳು ಕೇಳಿದಳು: "ಅಪ್ಪಾ, ಚಿಕ್ಕಪ್ಪ ಐಸ್ ಫಿಶಿಂಗ್ ಮಾಡಿದ್ರು. ನಮ್ಮೂರಲ್ಲಿ ಇದೆಲ್ಲ ಇಲ್ಲ ಅಲ್ವಾ?"

"ಇದೆ ಮಗಳೇ, ನಾನೂ ಹೋಗಿದ್ದೆ" ಎಂದೆ. ಅವಳು ನಂಬಲಿಲ್ಲ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅವಳಿಗೆ ಆಗ ಹೇಳದೇ ಉಳಿಸಿಕೊಂಡ ಒಂದು ಮಾತೂ ಇದರಲ್ಲಿದೆ.

ನೀರೇ ನೆಲವಾದಾಗ

ಮೊದಲು ತಮ್ಮನ ಕಥೆ. ಅವರು ಹೋದದ್ದು ಟೊರೊಂಟೊದಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರ್ ದೂರದ ನಿಪಿಸ್ಸಿಂಗ್ ಸರೋವರಕ್ಕೆ. ಅದರ ವಿಸ್ತೀರ್ಣ ಸುಮಾರು 870 ಚದರ ಕಿಲೋಮೀಟರ್. ಚಳಿಗಾಲದಲ್ಲಿ ಅದರ ಮೇಲೆ ಬಾಡಿಗೆಗೆ ಗುಡಿಸಲುಗಳು ಸಿಗುತ್ತವೆ. ಒಳಗೆ ಮಂಚ, ಒಲೆ, ಹೀಟರ್, ನೆಲದಲ್ಲಿ ತೂತು. ಮಂಜುಗಡ್ಡೆಯನ್ನು ಬೈರಿಗೆಯಂಥ ಯಂತ್ರದಿಂದ ಕೊರೆದು, ಆ ತೂತಿನಿಂದ ಗಾಳ ಇಳಿಬಿಟ್ಟು ಕೂರುವುದು.

ಮೇಲೆ ಗಟ್ಟಿಯಾದರೂ ಕೆಳಗೆ ಮೀನು ಹೇಗೆ ಬದುಕುತ್ತದೆ? ಸಿಹಿನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆಯೇ ಉಳಿದು ಹೆಪ್ಪುಗಟ್ಟುತ್ತದೆ. ಹಾಗೆ ಕಟ್ಟಿದ ಮಂಜುಗಡ್ಡೆ ಕಂಬಳಿ ಹೊದಿಸಿದಂತೆ ಕೆಳಗಿನ ನೀರನ್ನು ಕಾಪಾಡುತ್ತದೆ. ನೀರು ತಳದಿಂದ ಹೆಪ್ಪುಗಟ್ಟುವಂತಿದ್ದರೆ ಆ ಸರೋವರಗಳಲ್ಲಿ ಒಂದು ಮೀನೂ ಉಳಿಯುತ್ತಿರಲಿಲ್ಲ.

ಅಲ್ಲಿನವರು ಮೊದಲು ಮಾಡುವ ಕೆಲಸ ಗಾಳ ಹಾಕುವುದಲ್ಲ, ಅಳೆಯುವುದು. ಮನುಷ್ಯ ನಡೆಯಲು ಕನಿಷ್ಠ 4 ಅಂಗುಲ ಗಟ್ಟಿ, ಪಾರದರ್ಶಕ ಮಂಜುಗಡ್ಡೆ ಬೇಕು. ಕಾರಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು. ಹಿಮ ಬೆರೆತ ಬಿಳಿ ಗಡ್ಡೆ ನೋಡಲು ದಪ್ಪ, ಬಲ ಮಾತ್ರ ಅರ್ಧ. ಆದ್ದರಿಂದ ಹೆಜ್ಜೆಹೆಜ್ಜೆಗೂ ಕೊರೆದು ನೋಡುತ್ತಾರೆ. 2009ರ ಫೆಬ್ರವರಿಯಲ್ಲಿ ಅಮೆರಿಕದ ಈರಿ ಸರೋವರದಲ್ಲಿ ದೊಡ್ಡ ತುಂಡೊಂದು ದಡದಿಂದ ಕಳಚಿಕೊಂಡು ನೂರಕ್ಕೂ ಹೆಚ್ಚು ಜನ ಅದರ ಮೇಲೆಯೇ ತೇಲಿಹೋದರು. ಹೆಲಿಕಾಪ್ಟರ್ ಮತ್ತು ದೋಣಿಗಳಲ್ಲಿ ಅವರನ್ನು ಕರೆತರಬೇಕಾಯಿತು, ಒಬ್ಬರು ತೀರಿಕೊಂಡರು.

ಮಲ್ಪೆಯ ಐಸ್

ನಮ್ಮೂರಿನಲ್ಲಿ ಐಸ್ ಕಾಲ ಕೆಳಗಿಲ್ಲ, ಬೋಟಿನ ಹೊಟ್ಟೆಯಲ್ಲಿದೆ. ಉಡುಪಿ ಕಡೆಯವರಿಗೆ ಇದು ಗೊತ್ತು. ಘಟ್ಟದ ಮೇಲಿನ ಬಂಧುಗಳಿಗಾಗಿ ಬಿಡಿಸಿ ಹೇಳುತ್ತೇನೆ.

ಐಸ್ ಬರುವ ಮುಂಚೆ ಮೀನುಗಾರ ಬೆಳಿಗ್ಗೆ ಹೋಗಿ ಸಂಜೆಯೊಳಗೆ ದಡ ಸೇರಬೇಕಿತ್ತು. ಉಳಿದ ಮೀನಿಗೆ ಉಪ್ಪೇ ಗತಿ. ಐಸ್ ಬಂದ ಮೇಲೆ ವಾರಗಟ್ಟಲೆ ಕಡಲಲ್ಲಿರುವ ಆಳಸಮುದ್ರ ಬೋಟುಗಳು ಬಂದವು. ಐಸ್ ಪ್ಲಾಂಟಿನಲ್ಲಿ ತಗಡಿನ ಉದ್ದ ಡಬ್ಬಗಳಿಗೆ ನೀರು ತುಂಬಿಸಿ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಸುತ್ತಾರೆ. ಅಮೋನಿಯಾ ಯಂತ್ರ ಆ ಉಪ್ಪುನೀರನ್ನು ಸೊನ್ನೆಗಿಂತ ಕೆಳಗೆ ತಣಿಸುತ್ತದೆ. ಉಪ್ಪು ಇರುವುದರಿಂದ ಅದು ತಾನು ಹೆಪ್ಪುಗಟ್ಟದೆ ಡಬ್ಬದೊಳಗಿನ ನೀರನ್ನು ಗಟ್ಟಿ ಮಾಡುತ್ತದೆ. ಆ ದಿಮ್ಮಿಗಳನ್ನು ದಕ್ಕೆಯಲ್ಲಿ ಪುಡಿ ಮಾಡಿ ಬೋಟಿನ ಮೀನಿಡುವ ಕೋಣೆಗೆ ಸುರಿಯುತ್ತಾರೆ. ಒಂದು ಪದರ ಐಸ್, ಒಂದು ಪದರ ಮೀನು, ಮತ್ತೆ ಐಸ್.

ಇದರ ಲೆಕ್ಕ ಸ್ವಾರಸ್ಯವಾಗಿದೆ. ಒಂದು ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲೊರಿ ಶಾಖ ಹೀರುತ್ತದೆ. 30 ಡಿಗ್ರಿಯ ಒಂದು ಕಿಲೋ ಮೀನನ್ನು ಸೊನ್ನೆಗೆ ತರಲು 25ರಷ್ಟು ಸಾಕು. ಅಂದರೆ ಮೀನನ್ನು ತಣ್ಣಗೆ ಮಾಡಲು ಅದರ ತೂಕದ ಮೂರರಲ್ಲೊಂದು ಪಾಲು ಐಸ್ ಸಾಕು. ಹಾಗಾದರೆ ಮೀನಿನಷ್ಟೇ ಐಸ್ ಯಾಕೆ ಒಯ್ಯುತ್ತಾರೆ? ಹಲಗೆಯಿಂದ, ಮುಚ್ಚಳದಿಂದ, ಇಂಜಿನಿನ ಕಡೆಯಿಂದ ಹಗಲು ರಾತ್ರಿ ಶಾಖ ಒಳಗೆ ನುಗ್ಗುತ್ತಲೇ ಇರುತ್ತದೆ. ಉಳಿದ ಐಸ್ ಹೋರಾಡುವುದು ಅದರೊಂದಿಗೆ. ಬೋಟು ಎಷ್ಟು ದಿನ ಕಡಲಲ್ಲಿರಬಹುದು ಎಂಬುದನ್ನು ಡೀಸೆಲ್ಲಿನಷ್ಟೇ ಐಸ್ ಕೂಡ ತೀರ್ಮಾನಿಸುತ್ತದೆ.

ನಾನು ಇಳಿಯದೇ ಹೋದ ದಿನ

1994ರಲ್ಲಿ ಪಿಯುಸಿ ಮುಗಿಸಿ ಖಾಲಿ ಇದ್ದ ನನ್ನನ್ನು ಸೋದರಮಾವ ಒಂದು ಟ್ರಿಪ್ಪಿಗೆ ಕರೆದುಕೊಂಡು ಹೋದರು. ಅವರು ಬೋಟಿನ ತಾಂಡೇಲರು. ನನಗೆ ಕೊಟ್ಟ ಕೆಲಸ ಒಂದೇ: ದಿನಾ ಸಂಜೆ ಕೋಣೆಗೆ ಇಳಿದು, ಉಳಿದ ಐಸಿನಲ್ಲಿ ಕೋಲು ಚುಚ್ಚಿ ತಳದವರೆಗೆ ಅಳೆದು ಹೇಳುವುದು. "ಮೇಲಿನಿಂದ ನೋಡಿ ಹೇಳಬೇಡ, ಇಳಿದು ನೋಡು" ಎಂದು ಮೊದಲ ದಿನವೇ ಹೇಳಿದ್ದರು.

ನಾಲ್ಕು ದಿನ ಇಳಿದೆ. ಐದನೆಯ ಸಂಜೆ ವಾಂತಿಯಾಗಿ ಸುಸ್ತಾಗಿತ್ತು; ಆ ಚಳಿ, ಆ ವಾಸನೆ ಬೇಡವೆನಿಸಿತು. ಮುಚ್ಚಳ ತೆಗೆದು ಇಣುಕಿದೆ. ಬೆಳ್ಳಗೆ ಕಂಡಿತು. "ಅರ್ಧ ಕೋಣೆ ಇದೆ ಮಾವ" ಎಂದುಬಿಟ್ಟೆ.

ಪುಡಿ ಐಸಿಗೆ ಒಂದು ಗುಣವಿದೆ. ಮೇಲೆ ಗಟ್ಟಿಯಾಗಿ ಸೇತುವೆಯಂತೆ ನಿಲ್ಲುತ್ತದೆ. ಅಡಿಯಲ್ಲಿ ಕರಗಿ ಪೊಳ್ಳಾಗಿರುತ್ತದೆ. ಕೋಲು ಹಾಕಿದವನಿಗೆ ಮಾತ್ರ ಅದು ತಿಳಿಯುತ್ತದೆ.

ನನ್ನ ಮಾತು ನಂಬಿ ಮಾವ ಇನ್ನೂ ಒಂದೂವರೆ ದಿನ ಬಲೆ ಎಳೆಸಿದರು. ಬೊಂಡಾಸ್, ಮದ್ಮಲ್ ಚೆನ್ನಾಗಿಯೇ ಬಿತ್ತು, ಎಲ್ಲರೂ ಖುಷಿಯಲ್ಲಿದ್ದರು. ಮೀನು ತುಂಬಲು ಇಳಿದವರು ಕೂಗಿದಾಗಲೇ ಐಸ್ ಇಲ್ಲವೆಂದು ಗೊತ್ತಾದದ್ದು. ದಡ ಹದಿನಾಲ್ಕು ಗಂಟೆ ದೂರ. ದಕ್ಕೆಗೆ ಬಂದಾಗ ವ್ಯಾಪಾರಿಗಳು ಕಿವಿರು ಎತ್ತಿ ನೋಡಿ ಹಿಂದೆ ಸರಿದರು. ಮೂರರಲ್ಲೊಂದು ಪಾಲು ಫಿಶ್‌ಮೀಲಿನ ದರಕ್ಕೆ ಹೋಯಿತು. ಡೀಸೆಲ್, ಐಸ್, ರೇಷನ್ನಿನ ಖರ್ಚು ಕಳೆದ ಮೇಲಷ್ಟೇ ಪಾಲು ಹಂಚುವುದು. ಮಳೆಗಾಲ ಕಳೆದ ಮೇಲೆ ಮನೆಯ ಮಾಡು ರಿಪೇರಿ ಮಾಡಿಸುತ್ತೇನೆಂದು ವಾರವಿಡೀ ಹೇಳುತ್ತಿದ್ದ ಹೊನ್ನಾವರ ಕಡೆಯ ಒಬ್ಬರು ಸಿಕ್ಕಿದ ನೋಟುಗಳನ್ನು ಎರಡು ಸಲ ಎಣಿಸಿ ಕಿಸೆಗೆ ಹಾಕಿಕೊಂಡು ಹೋದರು. ಮಾವ ಎಲ್ಲರೆದುರು "ನನ್ನ ಲೆಕ್ಕ ತಪ್ಪಿತು" ಎಂದರು. ನಾನು ಬಾಯಿ ಬಿಡಲಿಲ್ಲ.

ಕುವೈತಿನ ಬಿಸಿಲಿನಲ್ಲಿ

ಇಲ್ಲಿಯೂ ಇದೇ ಲೆಕ್ಕ ನಡೆಯುತ್ತದೆ. ಕುವೈತಿನ ಹಳೆಯ ಕ್ರಮ ಹದ್ರಾ: ತೀರದಲ್ಲಿ ಬೇಲಿಯಂತೆ ಕಟ್ಟಿದ ಬಲೆ. ಭರತಕ್ಕೆ ಬಂದ ಮೀನು ಇಳಿತಕ್ಕೆ ಸಿಕ್ಕಿಬೀಳುತ್ತದೆ. ದಡದ ಪಕ್ಕದಲ್ಲೇ ಇರುವುದರಿಂದ ಅದಕ್ಕೆ ಐಸಿನ ಹಂಗಿಲ್ಲ. ಗರ್ಗೂರ್ ಎಂಬ ತಂತಿಯ ಗೂಡುಗಳನ್ನು ದೂರದ ನೀರಿನಲ್ಲಿ ಇಳಿಸಿ ದಿನಗಟ್ಟಲೆ ಕಡಲಲ್ಲಿರುವ ಲಾಂಚುಗಳು ಮಾತ್ರ ಐಸ್ ಹೊತ್ತೇ ಹೋಗಬೇಕು. ಅವುಗಳಲ್ಲಿ ದುಡಿಯುವವರಲ್ಲಿ ನಮ್ಮ ದೇಶದವರೂ ಅನೇಕರಿದ್ದಾರೆ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಇಂಥ ಬೇಸಿಗೆಯಲ್ಲಿ ಮೀನು ತಣ್ಣಗಿರಬೇಕಾದರೆ ಎಷ್ಟು ಐಸ್ ಬೇಕು, ಲೆಕ್ಕ ಹಾಕಿ.

ಆದ್ದರಿಂದ ಫಹಾಹೀಲ್ ಮೀನು ಮಾರ್ಕೆಟ್ಟಿಗೆ ಹೋಗುವವರಿಗೆ ನನ್ನ ಅನುಭವದ ನಾಲ್ಕು ಮಾತು:

1. ಮೀನು ಐಸಿನ ಮೇಲಿದ್ದರೆ ಸಾಲದು, ಐಸಿನ ಒಳಗಿರಬೇಕು. ಕೆಳಗಿನ ಮೀನು ತೆಗೆಸಿ ಮುಟ್ಟಿ ನೋಡಿ.
2. ಕಿವಿರು ಕೆಂಪಗೆ, ಕಣ್ಣು ಉಬ್ಬಿ, ಒತ್ತಿದ ಮಾಂಸ ಪುಟಿದೇಳಬೇಕು. ಜುಬೈದಿ, ಅಂದರೆ ನಮ್ಮ ಬಿಳಿ ಮಾಂಜಿ, ಕೊಳ್ಳುವಾಗಲೂ ಇದೇ ಪರೀಕ್ಷೆ.
3. ಬಂಗುಡೆ, ಅಂಜಲ್, ಟ್ಯೂನಾ ಬೆಚ್ಚಗಾದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ಮುಖ ಕೆಂಪಾಗುವುದು, ತುರಿಕೆ, ತಲೆನೋವು ಬರುವುದು ಅದರಿಂದ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ.
4. ಕಾರಿನಲ್ಲಿ ಒಂದು ಐಸ್ ಪೆಟ್ಟಿಗೆ ಇಟ್ಟುಕೊಳ್ಳಿ. ಮೀನು ಕೊಳ್ಳುವುದು ಕೊನೆಯ ಕೆಲಸವಾಗಲಿ, ಮೊದಲನೆಯದಲ್ಲ.

ಆ ಸಂಜೆ ಮಗಳಿಗೆ ಬೋಟಿನ ಕಥೆ ಹೇಳಿದೆ, ಐದನೆಯ ದಿನದ್ದನ್ನು ಬಿಟ್ಟು. ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಊರಿಗೆ ಫೋನ್ ಮಾಡಿದೆ. ಮಾವನಿಗೆ ಈಗ ಎಪ್ಪತ್ತು ದಾಟಿದೆ. "ಮಾವ, ಅವತ್ತು ನಾನು ಕೋಣೆಗೆ ಇಳಿದೇ ಇರಲಿಲ್ಲ" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ದಕ್ಕೆಗೆ ಬಂದ ಮೇಲೆ ನನಗೆ ಹೊಳೆಯಿತು ಮಾರಾಯ. ಇಳಿದು ಬಂದವನು ನಡುಗುತ್ತಾ ಬರುತ್ತಾನೆ. ನೀನು ನಡುಗುತ್ತಿರಲಿಲ್ಲ."

"ಮತ್ತೆ ಯಾಕೆ ಬೈಯಲಿಲ್ಲ?"

"ಹುಡುಗನನ್ನು ಕಳಿಸಿ ನಾನೂ ನೋಡದೆ ಕೂತಿದ್ದೆನಲ್ಲ. ತಾಂಡೇಲ ಯಾರು, ನೀನಾ?"

ಈಗ ಮಗಳಿಗೂ ಅದನ್ನು ಹೇಳಿದ್ದೇನೆ. ಹೊನ್ನಾವರದ ಅವರು ಈಗ ಎಲ್ಲಿದ್ದಾರೆಂದು ಮಾವ ವಿಚಾರಿಸುತ್ತಿದ್ದಾರೆ. ಈ ಸಲ ಊರಿಗೆ ಹೋದಾಗ ಅವರ ಮನೆಗೂ ಹೋಗಿ ಬರಬೇಕು.