ನಿಮಗಿದು ಗೊತ್ತೆ? ಓದಿನ ತೊಡಕಿನ ಸುಳಿವು ಮಾತಿನಲ್ಲೇ ಸಿಗಬಹುದು!

ಓದಲು ತಡವರಿಸುವ ಮಗು ಸೋಮಾರಿಯಲ್ಲ, ದಡ್ಡನೂ ಅಲ್ಲ. ಡಿಸ್ಲೆಕ್ಸಿಯಾ ಎಂಬ ಓದಿನ ತೊಡಕು ಇರುವ ಅನೇಕ ಮಕ್ಕಳಿಗೆ ಮಾತಿನೊಳಗಿನ ಧ್ವನಿಗಳನ್ನು ಬಿಡಿಸಿ ಗುರುತಿಸುವುದೇ ಕಷ್ಟ.

● ಅಮೆರಿಕದ ಸಂಶೋಧಕಿ ಹಾಲಿಸ್ ಸ್ಕಾರ್‌ಬರೊ 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮುಂದೆ ಡಿಸ್ಲೆಕ್ಸಿಯಾ ಕಾಣಿಸಿಕೊಂಡ ಮಕ್ಕಳು ಎರಡೂವರೆ ವರ್ಷದಲ್ಲಿ ಆಡುತ್ತಿದ್ದ ವಾಕ್ಯಗಳು ಚಿಕ್ಕವು, ಸರಳವಾದವು. ಉಚ್ಚಾರಣೆಯ ತಪ್ಪುಗಳೂ ಹೆಚ್ಚಿದ್ದವು.

● ಆಕ್ಸ್‌ಫರ್ಡ್‌ನ ಸಂಶೋಧಕರಾದ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್, ಇನ್ನೂ ಓದಲು ಬಾರದ 4–5 ವರ್ಷದ ಸುಮಾರು 400 ಮಕ್ಕಳಿಗೆ ಕೆಲವು ಪದಗಳನ್ನು ಕೇಳಿಸಿ, ಉಳಿದವುಗಳ ಧ್ವನಿಗೆ ಹೊಂದದ ಪದವನ್ನು ಹೇಳಿಸಿದರು. ಇದರಲ್ಲಿ ಚುರುಕಾಗಿದ್ದವರು ಮುಂದೆ ಓದಿನಲ್ಲೂ ಮುಂದಿದ್ದರು. ಹಿಂದುಳಿದ ಕೆಲವರಿಗೆ ಧ್ವನಿಗಳ ಜೊತೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೊಟ್ಟು ತರಬೇತಿ ನೀಡಿದಾಗ ಅವರ ಓದು ಸುಧಾರಿಸಿತು. ಈ ಫಲಿತಾಂಶ 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

● ಕನ್ನಡದ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ, ವರ್ಣಮಾಲೆ ಬೇಗ ಬಂದರೂ ಕಾಗುಣಿತ, ಒತ್ತಕ್ಷರಗಳು ಪೂರ್ತಿ ಕೈವಶವಾಗಲು ಮಕ್ಕಳಿಗೆ ಹಲವು ವರ್ಷ ಬೇಕು. ಹಾಗಾಗಿ ಆತುರ ಬೇಡ.

● ತಡವಾಗಿ ಮಾತು ಕಲಿತವರಿಗೆಲ್ಲ ಓದಿನ ತೊಂದರೆ ಬರುವುದಿಲ್ಲ, ಅನೇಕರು ಸರಿಹೋಗುತ್ತಾರೆ. ಆದರೂ ಎರಡು ವರ್ಷವಾದರೂ ಮಗು ಎರಡು ಪದ ಜೋಡಿಸಿ ಮಾತಾಡದಿದ್ದರೆ ಕಿವಿ ಪರೀಕ್ಷೆ ಮಾಡಿಸಿ, ವಾಕ್ ತಜ್ಞರಿಗೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ.

● ಮನೆಯಲ್ಲಿ ದಿನವೂ ಕಥೆ ಹೇಳಿ, ಪ್ರಾಸದ ಪದ್ಯ ಹಾಡಿಸಿ. ‘ಅರಮನೆಯಲ್ಲಿ ಅರ ತೆಗೆದರೆ ಏನುಳಿಯುತ್ತೆ?’ ಎಂದು ಕೇಳಿ. ಇಂಥ ಆಟವೇ ಓದಿಗೆ ಒಳ್ಳೆಯ ತಯಾರಿ.